ಯೆರವಡಾ: ಬೇಸಿಗೆ ರಜೆಯಲ್ಲೊಂದು ಸೇವೆ



ಬಂಡ್ ಗಾರ್ಡನ್ ಬಳಿ ಮುಳಾ-ಮುಠಾ ನದಿ ದಾಟಿದರೆ ಯೆರವಡಾ. ಹೆಸರು ಕೇಳಿದೊಡನೆ ನಿಮಗೆ ಜೈಲು ನೆನಪಾಗುವುದು ಸಹಜ. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಉಪವಾಸ ಕುಳಿತದ್ದು, ಪುಣೆ ಒಪ್ಪಂದ ಆದದ್ದು ಅಲ್ಲಿಯೇ. ಆದರೆ ಜೈಲಿನ ಗೋಡೆಯಾಚೆ ದುಡಿಯುವ ಜನರ ಗಲ್ಲಿಗಳೂ ಇವೆ. ಮರಾಠಿ, ಹಿಂದಿಯ ನಡುವೆ ಕಿವಿಗೊಟ್ಟರೆ ಕಲಬುರಗಿ, ವಿಜಯಪುರದ ಕನ್ನಡವೂ ಕೇಳೀತು. ಕಟ್ಟಡ ಕೆಲಸಕ್ಕೆಂದು ಪುಣೆಗೆ ಬಂದ ನಮ್ಮವರು ಬಹಳ.

ಬೇಸಿಗೆ ರಜೆಯಲ್ಲಿ ಕ್ರೈಸ್ತ ಸಭೆಗಳು ಮಕ್ಕಳಿಗಾಗಿ ರಜಾ ಬೈಬಲ್ ಶಾಲೆ ನಡೆಸುತ್ತವೆ. ಬೈಬಲಿನ ಕಥೆ, ಹಾಡು, ಕೈಕೆಲಸ, ಆಟ ಅಲ್ಲಿಯ ಪಾಠ. ಕಲಿಸುವವರಲ್ಲಿ ನಿಮ್ಮ ವಯಸ್ಸಿನ ಸ್ವಯಂಸೇವಕರೇ ಹೆಚ್ಚು. 1898ರಲ್ಲಿ ನ್ಯೂಯಾರ್ಕಿನ ಬಡಮಕ್ಕಳಿಗಾಗಿ ಶ್ರೀಮತಿ ಹಾಸ್ ಎಂಬುವರು ಬಿಯರ್ ಅಂಗಡಿಯ ಹಜಾರವನ್ನು ಬಾಡಿಗೆಗೆ ಹಿಡಿದು ನಡೆಸಿದ ಶಾಲೆಯೇ ಇದರ ಮೂಲ ಎನ್ನುತ್ತಾರೆ.

ನೀವು ಕ್ರೈಸ್ತರಾಗಿದ್ದರೆ ನಿಮ್ಮ ಸಭೆಯಲ್ಲೇ ಹೆಸರು ಕೊಡಿ. ಅಲ್ಲದಿದ್ದರೆ, ಆಟ, ಕೈಕೆಲಸ ನೋಡಿಕೊಳ್ಳುತ್ತೇನೆ, ಧರ್ಮಪಾಠ ನನ್ನದಲ್ಲ ಎಂದು ನಡೆಸುವವರಿಗೂ ಮನೆಯವರಿಗೂ ಮೊದಲೇ ಹೇಳಿ. ಅಲ್ಲಿ ಏನು ಕಲಿಸುತ್ತಾರೆಂಬುದು ಮಕ್ಕಳ ತಂದೆತಾಯಿಯರಿಗೂ ತಿಳಿದಿರಬೇಕು. ಮುಚ್ಚುಮರೆ ಬೇಡ.

"ನಮ್ಮ ಕನ್ನಡ ಹರಕುಮುರುಕು" ಎಂದು ಹಿಂಜರಿಯುತ್ತೀರಾ? ಜರ್ಮನಿಯಿಂದ ಬಂದ ಮಿಶನರಿ ಕಿಟೆಲ್ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು. ನಿಮ್ಮಿಂದ ಅಷ್ಟು ಕೇಳುವವರಿಲ್ಲ. ಊರು ಬಿಟ್ಟು ಬಂದು, ಮರಾಠಿ ಬಾರದೆ ಮೂಲೆಯಲ್ಲಿ ಕುಳಿತ ಮಗುವಿಗೆ "ಊಟ ಆತೇನವ್ವಾ?" ಎಂದರೆ ಸಾಕು, ಮುಖ ಅರಳುತ್ತದೆ. ಮನೆಯಲ್ಲಿ ಅಜ್ಜಿ ಆಡುವ ಮಾತಿನ ಬೆಲೆ ಆಗ ನಿಮಗೂ ತಿಳಿಯುತ್ತದೆ.

ಬರುವ ರಜೆಯಲ್ಲಿ ಒಂದು ವಾರ ಇದಕ್ಕೆ ಮೀಸಲಿಡಿ.