ಎಡಗಡೆ ಬಿದ್ದ ಹೂ

ಮೊನ್ನೆ ಮೊಮ್ಮಗ ದೇವರ ಕೋಣೆಯಿಂದ ಓಡಿಬಂದು, "ಅಜ್ಜಾ, ಗಣಪತಿ ಫೋಟೋದ ಹೂ ಬಲಗಡೆಗೇ ಬಿತ್ತು. ಗಣಿತ ಪಾಸು ಗ್ಯಾರಂಟಿ!" ಎಂದ. ಹತ್ತನೇ ತರಗತಿಯ ಪರೀಕ್ಷೆಗೆ ಇನ್ನು ಹನ್ನೊಂದೇ ದಿನ.

"ಎಷ್ಟನೇ ಸಲ ಕೇಳಿದ್ದು?" ಎಂದೆ. ನಕ್ಕ. ಮೂರನೇ ಸಲವಂತೆ.

ಬೈಯಲು ನನಗೆ ಬಾಯಿಲ್ಲ. 1988ರಲ್ಲಿ ಬ್ಯಾಂಕಿನಲ್ಲಿ ಆಫೀಸರ್ ಬಡ್ತಿಗೆ ಅರ್ಜಿ ಕರೆದಿದ್ದರು. ಬಡ್ತಿ ಸಿಕ್ಕರೆ ಊರು ಬಿಡಬೇಕು. "ಹಾಕು", "ಬೇಡ" ಎಂದು ಎರಡು ಚೀಟಿ ಬರೆದು ದೇವರ ಮುಂದಿಟ್ಟೆ. ಮೂರು ಸಲವೂ "ಹಾಕು" ಬಂತು. ನಾಲ್ಕನೇ ಸಲ "ಬೇಡ" ಬಂದ ಕೂಡಲೇ ಕೈಮುಗಿದು ಎದ್ದುಬಿಟ್ಟೆ. ಗುಮಾಸ್ತನಾಗಿ ಸೇರಿದವನು ಗುಮಾಸ್ತನಾಗಿಯೇ ನಿವೃತ್ತನಾದೆ. ಕೇಳಿದವರಿಗೆಲ್ಲ "ದೈವೇಚ್ಛೆ" ಎನ್ನುತ್ತಿದ್ದೆ. ಊರು ಬಿಡಲು ಹೆದರಿದವನು ನಾನು, ಹೆಸರು ದೇವರದ್ದು. ಚೆಕ್ಕಿನ ಸಹಿ ತಾಳೆಯಾಗದಿದ್ದರೆ ಎದುರಿಗೆ ನಿಂತ ಪರಿಚಯದವರಿಗೂ ಹಣ ಕೊಡದ ಕೆಲಸ ನನ್ನದು. ಆ ಬುದ್ಧಿಯನ್ನು ದೇವರ ಹತ್ತಿರವೂ ತೋರಿಸಿದ್ದೆ, ನನಗೆ ಬೇಕಾದ ಸಹಿ ಬರುವವರೆಗೆ.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಆಮೇಲೆ ನಮ್ಮಮ್ಮನ ವಿಷಯ ಬಂತು.

1963ನೇ ಇಸವಿ. ಸಾಗರದ ಹತ್ತಿರ ನಮ್ಮ ಹಳ್ಳಿ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ತಂಗಿಗೆ ರಾತ್ರಿಯಿಡೀ ಹೊಟ್ಟೆನೋವು. ಬೆಳಿಗ್ಗೆ ಪೇಟೆಯ ಡಾಕ್ಟರು ನೋಡಿ, "ಅಪೆಂಡಿಕ್ಸ್. ಇವತ್ತೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ, ಆಪರೇಷನ್ ಆಗಬೇಕು" ಎಂದರು. ಆಗ ನಮ್ಮ ಕಡೆ ಆಪರೇಷನ್ ಎಂದರೆ ಅರ್ಧ ಸಾವು. ಹಣ ಹೊಂದಿಸಲು ಊರಿಗೆ ಬಂದ ಅಮ್ಮ ದೇವಿಯ ಗುಡಿಗೆ ಓಡಿದಳು. ಹಿಂದೆ ನಾನು.

ಭಟ್ಟರು ದಾಸವಾಳದ ಎಸಳನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಎರಡೂ ಭುಜಕ್ಕೆ ಅಂಟಿಸಿದರು. ಬಲದ್ದು ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಬೇಡ ಎಂದು. ನೀರು ಆರಿದಂತೆ ಎಸಳು ಸಡಿಲವಾಗುತ್ತದೆ ಎಂಬುದು ಹನ್ನೆರಡು ವರ್ಷದ ನನಗೂ ಗೊತ್ತಿತ್ತು. ಆದರೂ ಉಸಿರು ಬಿಗಿಹಿಡಿದೇ ನಿಂತಿದ್ದೆ.

ಎಡಗಡೆಯದು ಬಿತ್ತು.

ಅಮ್ಮ ಸ್ವಲ್ಪ ಹೊತ್ತು ಅಲುಗಾಡಲಿಲ್ಲ. "ಭಟ್ಟರೇ, ಇನ್ನೊಂದ್ಸಲ ಕೇಳಬಹುದಾ?" ಎಂದಳು. "ಒಂದೇ ಮಾತನ್ನು ಎರಡು ಸಲ ಕೇಳಬಾರದಮ್ಮಾ" ಎಂದರು ಭಟ್ಟರು. ಅಮ್ಮ ಆ ಎಸಳನ್ನೇ ಕೇಳಿ ಪಡೆದು, ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿಕೊಂಡಳು. ನೇರವಾಗಿ ಮನೆಗೆ ಬಂದು ತಂಗಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದಳು.

ನನಗೆ ಕೈಕಾಲು ನಡುಗುತ್ತಿತ್ತು. "ಅಮ್ಮಾ, ದೇವಿ ಬೇಡ ಅಂದಳಲ್ಲ?"

"ಅಂದಳು. ಅವಳನ್ನು ಕೇಳುವುದು ಮುಗೀತು ಮಗಾ. ಈಗ ಜೊತೆಗೆ ಬಾ ಅಂತ ಹೇಳ್ತಾ ಇದ್ದೀನಿ."

ಶಿವಮೊಗ್ಗ ಮುಟ್ಟುವವರೆಗೂ ಅವಳ ತುಟಿ ಅಲ್ಲಾಡುತ್ತಲೇ ಇತ್ತು.

ತಂಗಿ ಉಳಿದಳು. ಈಗ ಅವಳಿಗೂ ಮೊಮ್ಮಕ್ಕಳಿದ್ದಾರೆ. ಉಳಿಯದಿದ್ದರೆ ಅಮ್ಮ ಏನು ಮಾಡುತ್ತಿದ್ದಳೋ, ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಊರಿನವರಂತೂ ಅವಳನ್ನು ಬಿಡುತ್ತಿರಲಿಲ್ಲ. ಅಮ್ಮ ಮತ್ತೆಂದೂ ಹೂ ಕೇಳಲಿಲ್ಲ. ಕೊನೆಯವರೆಗೆ ಒಂದು ಶುಕ್ರವಾರವೂ ಗುಡಿಗೆ ಹೋಗುವುದನ್ನು ತಪ್ಪಿಸಲೂ ಇಲ್ಲ.

"ಹಾಗಾದರೆ ದೇವಿ ಹೇಳಿದ್ದು ಸುಳ್ಳಾ ಅಜ್ಜಾ?" ಎಂದು ಮೊಮ್ಮಗ ಕೇಳಿದ. ಗೊತ್ತಿಲ್ಲ ಎಂದೆ. ಎಪ್ಪತ್ತು ದಾಟಿದ ಮೇಲೆ ಹಾಗೆನ್ನಲು ನಾಚಿಕೆಯಾಗುವುದಿಲ್ಲ.

ಅವನು ಒಳಗೆ ಹೋಗಿ ಬಿದ್ದಿದ್ದ ಹೂ ತಂದು ಗಣಿತದ ಪುಸ್ತಕದಲ್ಲಿಟ್ಟ. ತ್ರಿಕೋನಮಿತಿ ಇನ್ನೂ ಬಾಕಿ ಇದೆಯಂತೆ. ಬಿ.ಕಾಂ. ಓದಿದ ನನಗೆ ಅದು ಬರುವುದಿಲ್ಲ. ಎರಡು ಮನೆಯಾಚೆ ನಿವೃತ್ತ ಗಣಿತ ಮೇಷ್ಟ್ರಿದ್ದಾರೆ. ಒಬ್ಬನೇ ಹೋಗಲು ಅವನಿಗೆ ಹೆದರಿಕೆ. ಸಂಜೆ ಇಬ್ಬರೂ ಹೋಗುವುದೆಂದು ಮಾತಾಯಿತು.