ದುರ್ಗದ ಕಿಂಡಿಯ ಮುಂದೆ

ಬೆಂಗಳೂರಿನಿಂದ ವಾಯವ್ಯ ದಿಕ್ಕಿಗೆ ಸುಮಾರು 200 ಕಿಲೋಮೀಟರು ಸಾಗಿದರೆ, ಬಯಲು ಮುಗಿಯಿತೆನ್ನುವಷ್ಟರಲ್ಲಿ ಬಂಡೆಗಳು ಮೇಲೇಳುತ್ತವೆ. ಯಾರೋ ಎತ್ತರದಿಂದ ಸುರಿದು ಮರೆತುಹೋದಂತೆ ಒಂದರ ಮೇಲೊಂದು ಕುಳಿತ ಆ ಬಂಡೆಗಳ ನಡುವೆ, ಬಂಡೆ ಯಾವುದು ಗೋಡೆ ಯಾವುದು ಎಂದು ದೂರದಿಂದ ತಿಳಿಯದಂತೆ ಬೆಸೆದುಕೊಂಡಿರುವುದೇ ಚಿತ್ರದುರ್ಗದ ಏಳುಸುತ್ತಿನ ಕೋಟೆ. ಕಳೆದ ದಸರೆಯ ರಜೆಯಲ್ಲಿ ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು ಮತ್ತು ನನ್ನ ತಾಯಿ ಅಲ್ಲಿಗೆ ಹೋಗಿದ್ದೆವು.

ಈ ಪ್ರವಾಸ ತಾಯಿಯವರ ಬಯಕೆ. ಮೊಣಕಾಲಿನ ನೋವಿನಿಂದಾಗಿ ಮನೆಯ ಮಹಡಿಯನ್ನೇ ಹತ್ತಲೊಲ್ಲದ ಅವರು, “ಸಾಯುವುದರೊಳಗೆ ಓಬವ್ವನ ಕಿಂಡಿಯನ್ನೊಮ್ಮೆ ನೋಡಬೇಕು ಕಣೋ” ಎಂದು ಎರಡು ವರ್ಷಗಳಿಂದ ಹೇಳುತ್ತ ಬಂದಿದ್ದರು. ಕಾಲೇಜಿನಲ್ಲಿ ತ.ರಾ.ಸು. ಅವರ ಕಾದಂಬರಿಗಳನ್ನು ಪಾಠ ಹೇಳುವ ನಾನು, ದುರ್ಗದಲ್ಲಿ ನೋಡಬೇಕಾದದ್ದು ಕಿಂಡಿಯೊಂದೇ ಅಲ್ಲವೆಂದು ಅಷ್ಟೇ ಸಲ ಉತ್ತರ ಕೊಟ್ಟಿದ್ದೆ.

ಬಿಸಿಲೇರುವ ಮುನ್ನವೇ ಹೆಬ್ಬಾಗಿಲನ್ನು ದಾಟಿದೆವು. ದಾರಿ ನೇರವಾಗಿ ಒಳಗೆ ಹೋಗುವುದಿಲ್ಲ. ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹಾವಿನಂತೆ ಹೊರಳುತ್ತದೆ. ಶತ್ರುವಿನ ಆನೆ ದೂರದಿಂದ ಓಡಿಬಂದು ಕದವನ್ನು ಗುದ್ದಲು ಅವಕಾಶವಾಗಬಾರದೆಂಬುದು ಕಟ್ಟಿದವರ ಉಪಾಯ. ಒಳಗೆ ಮದ್ದನ್ನು ಅರೆಯುತ್ತಿದ್ದ ಬೃಹದಾಕಾರದ ಬೀಸುವ ಕಲ್ಲುಗಳಿವೆ. ಮೇಲೆ ಹಿಡಿಂಬೇಶ್ವರ, ಏಕನಾಥೇಶ್ವರಿಯರ ಗುಡಿಗಳಿವೆ. ಮಳೆಯ ನೀರನ್ನು ಹಿಡಿದಿಡುವ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳಿವೆ. 1568ರ ಸುಮಾರಿಗೆ ತಿಮ್ಮಣ್ಣ ನಾಯಕನಿಂದ ಆರಂಭವಾದ ಆಳ್ವಿಕೆ, 1779ರಲ್ಲಿ ಕೋಟೆ ಹೈದರಾಲಿಯ ವಶವಾದಾಗ ಮುಗಿಯಿತು. ಕೊನೆಯ ಮದಕರಿ ನಾಯಕ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಇದನ್ನೆಲ್ಲ ನಾನು ದಾರಿಯುದ್ದಕ್ಕೂ ವಿವರಿಸುತ್ತಲೇ ಇದ್ದೆ. ತಾಯಿಯವರು ಸೊಸೆಯ ಭುಜವನ್ನು ಹಿಡಿದು, ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು, “ಕಿಂಡಿ ಇನ್ನೆಷ್ಟು ದೂರ?” ಎಂದಷ್ಟೇ ಕೇಳುತ್ತಿದ್ದರು.

ಕಡೆಗೂ ತಣ್ಣೀರು ದೋಣಿಯ ಬಳಿಗೆ ಬಂದೆವು. ಅಲ್ಲಿಗೆ ಸಮೀಪದಲ್ಲಿಯೇ ಕಿಂಡಿ. ಎರಡು ಬಂಡೆಗಳ ಸಂದಿನಲ್ಲಿ ಒಬ್ಬ ಮನುಷ್ಯ ಮೈ ಕುಗ್ಗಿಸಿ ನುಸುಳಬಹುದಾದಷ್ಟು ತೆರಪು, ಅಷ್ಟೆ. ಆದರೆ ಕೋಟೆಯ ಬೇರೆಲ್ಲಿಯೂ ಇಲ್ಲದ ಜನ ಅಲ್ಲಿ ಕಿಕ್ಕಿರಿದಿದ್ದರು. ಮಾರ್ಗದರ್ಶಿಯೊಬ್ಬ ತನ್ನ ಕೊಡೆಯನ್ನೇ ಒನಕೆಯಂತೆ ಮೇಲೆತ್ತಿ, “ಜಯಂತಿ ಅಮ್ಮನವರು ನಿಂತಿದ್ದದ್ದು ಇಲ್ಲೇ, ಸ್ವಾಮಿ! ಶತ್ರುವಿನ ತಲೆ ಹೊರಗೆ ಬಂದದ್ದು ಇಲ್ಲಿಂದ!” ಎಂದು ಅಭಿನಯಿಸಿ ತೋರಿಸುತ್ತಿದ್ದ. ಓಬವ್ವ ಯಾರು, ಜಯಂತಿ ಯಾರು ಎಂಬ ಭೇದ ಅವನ ಮಾತಿನಲ್ಲಿ ಉಳಿದಿರಲಿಲ್ಲ. ಕೇಳುತ್ತಿದ್ದವರಿಗೂ ಅದು ಬೇಕಾದಂತೆ ಕಾಣಲಿಲ್ಲ.

ನನ್ನೊಳಗಿನ ಮೇಷ್ಟರಿಗೆ ತಡೆಯಲಾಗಲಿಲ್ಲ. ಮಗಳನ್ನು ಪಕ್ಕಕ್ಕೆ ಕರೆದು ತಿಳಿಸಿದೆ: ಕಾವಲುಗಾರ ಮುದ್ದಹನುಮ ಊಟಕ್ಕೆ ಕುಳಿತಿದ್ದಾಗ ನೀರು ತರಲು ಬಂದ ಅವನ ಹೆಂಡತಿ, ಕಿಂಡಿಯಿಂದ ನುಸುಳುತ್ತಿದ್ದ ಹೈದರನ ಸೈನಿಕರನ್ನು ಒನಕೆಯಿಂದ ಒಬ್ಬೊಬ್ಬರನ್ನಾಗಿ ಕೊಂದಳೆಂಬುದು ದುರ್ಗದ ಜನ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದ ಕತೆ. ಅವಳನ್ನು ಕಣ್ಣಾರೆ ಕಂಡು ಚಿತ್ರ ಬರೆದವರಿಲ್ಲ. ನಾವೆಲ್ಲ ಕಣ್ಣು ಮುಚ್ಚಿದರೆ ಕಾಣುವ ಓಬವ್ವ 1972ರ ‘ನಾಗರಹಾವು’ ಚಿತ್ರದವಳು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಆ ಚಿತ್ರದ ಕತೆ ನಡೆಯುವುದು ನಾಯಕರ ಕಾಲದಲ್ಲಲ್ಲ. ದುರ್ಗದ ಕಾಲೇಜು ಹುಡುಗ ರಾಮಾಚಾರಿಯ ಕಾಲದಲ್ಲಿ. ಓಬವ್ವ ಅದರಲ್ಲಿ ಬಂದುಹೋಗುವುದು ಒಂದು ಹಾಡಿನಷ್ಟು ಹೊತ್ತು ಮಾತ್ರ.

“ಹಾಗಾದರೆ ಸಿನಿಮಾದಲ್ಲಿ ತೋರಿಸಿದ್ದು ಸುಳ್ಳೇನಪ್ಪ?” ಎಂದಳು ಮಗಳು.

ನಾನು ಉತ್ತರವನ್ನು ಹೊಂದಿಸಿಕೊಳ್ಳುವುದರೊಳಗೆ, ಬಂಡೆಯ ನೆರಳಿನಲ್ಲಿ ಕುಳಿತಿದ್ದ ತಾಯಿಯವರು ನಕ್ಕರು. “ನಿಮ್ಮಪ್ಪನಿಗೆ ಪುಸ್ತಕ ಇತ್ತು ಮಗೂ. ನಮಗೆ ಇದ್ದದ್ದು ಟೆಂಟು.”

ಅವರು ಆ ದಿನ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಚಿತ್ರ ಅವರ ಊರಿನ ಟೆಂಟಿಗೆ ಬರುವ ಹೊತ್ತಿಗೆ ಪಟ್ಟಣದಲ್ಲಿ ಹಳೆಯದಾಗಿತ್ತಂತೆ. ಅವರಿಗಾಗ ಹದಿಮೂರು. ಶಾಲೆ ಬಿಡಿಸಿ ಒಂದು ವರ್ಷವಾಗಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ನೆಲದ ಮೇಲೆ ಕುಳಿತಿದ್ದರು. ಓಬವ್ವ ಒನಕೆ ಎತ್ತಿದಾಗ ಹೆಂಗಸರ ಕಡೆಯಿಂದ ಒಂದು ಶಿಳ್ಳೆ ಕೇಳಿಬಂತು. ಯಾರು ಹಾಕಿದ್ದೆಂದು ಇಂದಿಗೂ ಗೊತ್ತಾಗಿಲ್ಲ.

“ಶಾಲೆಯ ಪುಸ್ತಕದಲ್ಲಿ ರಾಜರು, ರಾಣಿಯರು ಇದ್ದರು. ಅನ್ನಕ್ಕಿಟ್ಟು, ನೀರು ಹೊತ್ತು ತರುವವಳು ಇರಲಿಲ್ಲ. ಅವಳನ್ನು ನಾನು ಮೊದಲು ನೋಡಿದ್ದು ಆ ಟೆಂಟಿನಲ್ಲಿ. ಆದರೆ ಮನೆಗೆ ಬರುವಾಗ ದಾರಿಯಲ್ಲಿ ಒಬ್ಬರೂ ಓಬವ್ವನ ಮಾತೆತ್ತಲಿಲ್ಲ. ಎಲ್ಲರೂ ಅಲಮೇಲುವಿನ ಮಾತೇ ಆಡಿದರು.”

“ಯಾಕಜ್ಜಿ?”

“ಒನಕೆ ಎಲ್ಲರ ಮನೆಯಲ್ಲೂ ಇತ್ತು, ಮಗೂ. ಆದರೆ ನಮ್ಮ ಮನೆಗಳಿಗೆ ಬರುತ್ತಿದ್ದವರು ಶತ್ರುಗಳಲ್ಲವಲ್ಲ, ಹೆಣ್ಣು ನೋಡುವವರು. ಅವರಿಗೆ ಒನಕೆ ತೋರಿಸುವುದಕ್ಕಾಗುತ್ತದೆಯೆ? ಕಾಫಿ ಕೊಡಬೇಕು.”

ನನ್ನ ಹೆಂಡತಿ ಗಟ್ಟಿಯಾಗಿ ನಕ್ಕಳು. ನನಗೆ ನಗು ಬರಲಿಲ್ಲ. ಅಲಮೇಲುವಿನ ಕತೆ ಓದುಗರಿಗೆ ತಿಳಿದದ್ದೇ. ಅವಳನ್ನು ಪ್ರೀತಿಸಿದ ರಾಮಾಚಾರಿ, ಜಾತಿಯ ಕಟ್ಟಳೆಯನ್ನು ಮುಂದಿಟ್ಟು ಚಾಮಯ್ಯ ಮೇಷ್ಟರು ಆಡಿದ ಮಾತಿಗೆ ಕಟ್ಟುಬಿದ್ದು ಅವಳನ್ನು ಬಿಟ್ಟುಕೊಡುತ್ತಾನೆ. ತೀರ್ಮಾನ ನಡೆಯುವುದು ಗುರುಶಿಷ್ಯರ ನಡುವೆ. ಅದರ ಫಲವನ್ನು ಉಣ್ಣುವವಳು ಅಲಮೇಲು. ಮದುವೆಯಾಗಿ ಹೋದವಳು ಕೊನೆಗೆ ವೇಶ್ಯೆಯಾಗಿ ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ. ಅಂದು ಪ್ರೇಕ್ಷಕರು ಅಶ್ವತ್ಥರ ಚಾಮಯ್ಯನಿಗಾಗಿ ಅತ್ತರು, ಗುರುಭಕ್ತಿಗೆ ತಲೆದೂಗಿದರು. ಇಂದು ನನ್ನ ತರಗತಿಯ ಹುಡುಗಿಯರು, “ಅವಳನ್ನು ಯಾರೂ ಕೇಳಲೇ ಇಲ್ಲವಲ್ಲ, ಸಾರ್” ಎನ್ನುತ್ತಾರೆ. ಚಿತ್ರ ಅದೇ, ನೋಡುವವರು ಬದಲಾಗಿದ್ದಾರೆ.

ಚಲನಚಿತ್ರದಲ್ಲಿ ಚರಿತ್ರೆ ಎಷ್ಟಿದೆಯೆಂದು ಅಳೆಯುವಾಗ ನಾವು ಉಡುಗೆಯನ್ನು, ಖಡ್ಗವನ್ನು, ಇಸವಿಯನ್ನು ತಾಳೆ ನೋಡುತ್ತೇವೆ. ಆ ಲೆಕ್ಕ ಬೇಡವೆನ್ನಲಾರೆ. ಆದರೆ ಗತಕಾಲವನ್ನು ತೋರಿಸ ಹೊರಟ ಚಿತ್ರವು ತಾನು ಹುಟ್ಟಿದ ಕಾಲದ ಆಸೆಯನ್ನೂ ಹೇಳುತ್ತದೆ. ತನ್ನ ಕಾಲವನ್ನು ತೋರಿಸುವಾಗ ಅದರ ಅಂಜಿಕೆಯನ್ನೂ ಬಿಚ್ಚಿಡುತ್ತದೆ. ಒಂದೇ ಚಿತ್ರದಲ್ಲಿ ಓಬವ್ವನೂ ಇದ್ದಾಳೆ, ಅಲಮೇಲುವೂ ಇದ್ದಾಳೆ. ಇನ್ನೂರು ವರ್ಷಗಳ ಹಿಂದಿನ ಹೆಣ್ಣಿನ ಕೈಗೆ ಒನಕೆ ಕೊಟ್ಟು ಕೊಂಡಾಡಿದ ಸಮಾಜವೇ, ತನ್ನ ಮನೆಯ ಹೆಣ್ಣಿನ ಬಾಯಿಗೆ ಮಾತು ಕೊಡಲು ಹಿಂಜರಿಯಿತು. 1972ರ ನಾಡು ಹೇಗಿತ್ತೆಂದು ಮುಂದಿನವರು ಕೇಳಿದರೆ, ಈ ಇಬ್ಬರನ್ನೂ ಜೊತೆಯಲ್ಲಿಟ್ಟು ತೋರಿಸಬೇಕು. ಟೆಂಟಿನಿಂದ ಹಿಂದಿರುಗುತ್ತಿದ್ದ ಹೆಂಗಸರಿಗೆ ಅಂದೇ ತಿಳಿದಿದ್ದ ಈ ಸಂಗತಿ, ಹತ್ತು ವರ್ಷ ಪಾಠ ಹೇಳಿದ ನನಗೆ ತಿಳಿಯಲು ಆ ಬಂಡೆಯ ನೆರಳು ಬೇಕಾಯಿತು.

“ನಿನ್ನನ್ನು ಕೇಳಿದ್ದರೇನಮ್ಮ?” ಎಂದೆ. ಅವರ ಕೊನೆಯ ಮಗನಾದ ನಾನು ಆ ಪ್ರಶ್ನೆಯನ್ನು ಅದೇ ಮೊದಲು ಕೇಳಿದ್ದು.

ಅವರು ಸ್ವಲ್ಪ ಹೊತ್ತು ಕಿಂಡಿಯ ಕಡೆಗೆ ನೋಡಿದರು. “ಕೇಳುವ ಪದ್ಧತಿ ಎಲ್ಲಿತ್ತು? ಹದಿನೇಳಕ್ಕೆ ಮದುವೆ ಆಯಿತು. ನಿಮ್ಮಪ್ಪ ಒಳ್ಳೆಯವರಾಗಿದ್ದರು, ಅದು ನನ್ನ ಪುಣ್ಯ. ಓದಬೇಕೂಂತ ಇತ್ತು...” ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ಮಗಳು ಕಿಂಡಿಯೊಳಗೆ ನುಸುಳಿ ಆಚೆಯಿಂದ ಕೂಗಿದಳು: “ಅಜ್ಜೀ, ಇಲ್ಲಿ ಯಾರೂ ಇಲ್ಲ!”

“ಇಲ್ಲದಿದ್ದರೆ ಒಳ್ಳೆಯದೇ ಆಯಿತು, ಬಾ” ಎಂದು ತಾಯಿಯವರು ಎದ್ದರು. ಹೋಗುವ ಮುನ್ನ ಆ ಬಂಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಈ ಸಲ ನಾನು ಏನನ್ನೂ ವಿವರಿಸಲಿಲ್ಲ.

ದುರ್ಗ ಈಗ ಓಬವ್ವನನ್ನು ಮರೆತಿಲ್ಲ. ಊರಿನ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿಯನ್ನು ಆಚರಿಸುತ್ತಿದೆ. ಅಲಮೇಲುವಿಗೆ ಜಯಂತಿಯಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಆ ಟೆಂಟುಗಳಲ್ಲಿ ಕುಳಿತು ಅವಳಿಗಾಗಿ ಕಣ್ಣೀರಿಟ್ಟವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಬರುವ ವರ್ಷ ತರಗತಿಯಲ್ಲಿ ಈ ಕಾದಂಬರಿಗಳ ಪಾಠವನ್ನು ತೊಡಗುವ ಮುನ್ನ, ಮನೆಯ ಹಿರಿಯ ಹೆಂಗಸರು ‘ನಾಗರಹಾವು’ ಚಿತ್ರವನ್ನು ಎಲ್ಲಿ, ಯಾರೊಡನೆ ನೋಡಿದರು, ಹಿಂದಿರುಗುವಾಗ ಏನು ಮಾತಾಡಿಕೊಂಡರು ಎಂದು ಕೇಳಿ ಬರೆದುಕೊಂಡು ಬರುವಂತೆ ವಿದ್ಯಾರ್ಥಿಗಳಿಗೆ ಹೇಳಬೇಕೆಂದಿದ್ದೇನೆ.

ದುರ್ಗಕ್ಕೆ ಹೋಗುವವರು ಬೆಳಿಗ್ಗೆ ಬೇಗನೆ ಹೊರಡಿ. ಬಂಡೆ ಕಾದರೆ ಹತ್ತುವುದು ಕಷ್ಟ. ಸಾಧ್ಯವಾದರೆ, ನಿಧಾನವಾಗಿಯಾದರೂ ಸರಿ, ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.