ಉತ್ತರ ಕೊಡಿ ಮಗುವಿಗೆ

ಬೆಳಗ್ಗೆ ಹಾಲಿನ ಅಂಗಡಿಯ ಕಟ್ಟೆಯ ಮೇಲೆ ಅಪ್ಪನ ತೊಡೆಯಲ್ಲೊಂದು ಕೂಸು. ಹತ್ತು ತಿಂಗಳಿರಬಹುದು. ತಂತಿಯ ಮೇಲೆ ಕೂತ ಕಾಗೆಗೆ ಬೆರಳು ತೋರಿಸಿ 'ಆ... ಆ...' ಎಂದು ಅಪ್ಪನ ಮುಖ ನೋಡಿತು. ಅವನು ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಮತ್ತೆ ಕಾಗೆ, ಮತ್ತೆ ಅಪ್ಪನ ಮುಖ. ಕೊನೆಗೆ ಅಳು ತೆಗೆದಾಗ ಅದೇ ಮೊಬೈಲಿನಲ್ಲಿ ಹಾಡು ಹಾಕಿ ಕೈಗೆ ಕೊಟ್ಟ. ನನಗೆ ಬಂದ ಸಿಟ್ಟು ಮನೆ ಸೇರಿದರೂ ಇಳಿಯಲಿಲ್ಲ.

ಮೊಬೈಲ್ ಕೆಟ್ಟದ್ದೆಂದು ಎಲ್ಲರೂ ಹೇಳಿಯಾಗಿದೆ, ಬಿಡಿ. ನನ್ನ ಸಂಕಟ ಆ ಬೆರಳಿನದು. ಮಾತು ಬರುವ ಮೊದಲೇ ಮಗು ಬೆರಳಿನಲ್ಲಿ ಮಾತಾಡುತ್ತದೆ. 'ಹೌದು ಪುಟ್ಟಾ, ಕಾಗೆ! ಕಾ ಕಾ ಅಂತಿದೆ' ಎಂದಿದ್ದರೆ ಸಾಕಿತ್ತು. ಅಮೆರಿಕದ ಸಂಶೋಧಕಿ ಪೆಟ್ರೀಶಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳ ಎದುರು ಕೂತು ಮ್ಯಾಂಡರಿನ್‌ನಲ್ಲಿ ಓದಿ, ಆಡಿಸಿದರೆ ಆ ಭಾಷೆಯ ಧ್ವನಿಗಳನ್ನು ಅವು ಗುರುತಿಸಲು ಕಲಿತವು. ಅದನ್ನೇ ವಿಡಿಯೊದಲ್ಲಿ ತೋರಿಸಿದರೆ ಏನೂ ಕಲಿಯಲಿಲ್ಲ.

ನಮ್ಮಜ್ಜಿ ಕೂಸಿಗೆ ಎರೆಯುತ್ತಿದ್ದದ್ದು ನೆನಪಾಯಿತು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ, 'ನೀರು ಹೊಯ್ಲಾ ಬಂಗಾರಾ?' ಎಂದು ಕೇಳಿ ಸುಮ್ಮನಾಗುತ್ತಿದ್ದಳು. ಅದು 'ಊಂ' ಎನ್ನುವವರೆಗೆ ಚೊಂಬು ಎತ್ತುತ್ತಿರಲಿಲ್ಲ. ಎಂದ ಮೇಲೆ, 'ಹೌದಾ? ಆಮೇಲೆ?' ಬಚ್ಚಲ ತುಂಬ ಹೊಗೆ, ಸೀಗೆಪುಡಿಯ ಘಾಟು, ನಡುವೆ ಇವರಿಬ್ಬರ ಮುಗಿಯದ ಮಾತುಕತೆ. ಮಾತು ಚೊಕ್ಕವಾಗಲೆಂದು ಜೇನಿನಲ್ಲಿ ಬಜೆ ತೇಯ್ದು ನಾಲಿಗೆಗೆ ಸವರುತ್ತಿದ್ದಳು. ವರ್ಷ ತುಂಬದ ಕೂಸಿಗೆ ಜೇನು ಅಪಾಯ, ಬಜೆಯೂ ಬೇಡ ಎನ್ನುತ್ತಾರೆ ಮಕ್ಕಳ ವೈದ್ಯರು. ಅವೆರಡನ್ನೂ ಬಿಡೋಣ. ಕೇಳಿ, ಉತ್ತರಕ್ಕೆ ಕಾಯುವ ಅವಳ ತಾಳ್ಮೆಯನ್ನು ಮಾತ್ರ ಬಿಡಬಾರದು.

ಇಷ್ಟು ಮಾಡಿದರೂ ಮಗು ಕರೆದಾಗ ತಿರುಗದಿದ್ದರೆ, ಮಾತು ತಡವಾದರೆ? 'ಅವರಪ್ಪನೂ ತಡವಾಗೇ ಮಾತಾಡಿದ್ದು' ಎನ್ನುವ ಸಮಾಧಾನ ನಮ್ಮ ಮನೆಗಳಲ್ಲಿ ಸಿದ್ಧವಾಗಿರುತ್ತದೆ. ಅದನ್ನು ನಂಬಿ ಕೂರಬೇಡಿ. ಹುಟ್ಟಿದ 1 ತಿಂಗಳೊಳಗೆ ಕಿವಿಯ ತಪಾಸಣೆ, ಕೊರತೆಯಿದ್ದರೆ 3 ತಿಂಗಳೊಳಗೆ ಖಚಿತಪಡಿಸಿಕೊಂಡು 6 ತಿಂಗಳೊಳಗೆ ಚಿಕಿತ್ಸೆ ಎಂಬುದು ತಜ್ಞರ ಲೆಕ್ಕ. ಮಲಗಿದ ಕೂಸಿನ ಕಿವಿಗೆ ಮೆತ್ತನೆಯದೊಂದು ಸಣ್ಣ ಬಿರಡೆ ಇಟ್ಟು ಕೆಲವೇ ನಿಮಿಷದಲ್ಲಿ ಮುಗಿಸುವ ಪರೀಕ್ಷೆ, ನೋವಿಲ್ಲ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಮಕ್ಕಳಿಗಾಗಿ. ಅನುಮಾನ ಬಂದ ದಿನವೇ ಹೊರಡಿ.